ಮ್ಯೂಸಿಯಂ ಅಂಗಳದಲ್ಲಿ ಬೀದಿ ಚಿತ್ರಗಳು: ಮಕ್ಕಳಿಗೆ ಮೊದಲು ಯಾವುದು ತೋರಿಸಲಿ?

ಕೇಳಿದವರು: ಆಳಂದ ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಎಂಟನೇ ತರಗತಿ ಮಕ್ಕಳನ್ನು ಕಲಬುರಗಿ ಸೇಡಂ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆತರಬೇಕು ಅಂತಿದ್ದೇನೆ. ಈಗ ಅಲ್ಲಿನ ಅಂಗಳದಲ್ಲಿ ಕೆಲವು ದಿನಗಳ ಮಟ್ಟಿಗೆ ಬೀದಿ ಚಿತ್ರಗಳ ಪ್ರದರ್ಶನ ಇಟ್ಟಿದ್ದಾರೆ. ಮಕ್ಕಳು ಬಣ್ಣ ಕಂಡ ಕಡೆ ಫೋಟೊ ತೆಗೆಸಿಕೊಳ್ಳುತ್ತಾ ನಿಂತುಬಿಡುತ್ತಾರೆ, ಒಳಗಿನ ಹಳೇ ಮೂರ್ತಿಗಳನ್ನು ನೋಡುವುದೇ ಇಲ್ಲ ಅನ್ನೋ ಚಿಂತೆ ನನಗೆ. ಪ್ರದರ್ಶನ ಮುಗಿದ ಮೇಲೆ ಬರುವುದು ಒಳ್ಳೆಯದಾ? ಈಗಲೇ ಬಂದರೆ ಎಲ್ಲಿಂದ ಶುರು ಮಾಡಲಿ? ಹೋಗಿಬಂದವರು ಹೇಳಿ.

ಚಿತ್ರಕಲಾ ವಿದ್ಯಾರ್ಥಿ, ಕಲಬುರಗಿ

ಈಗಲೇ ಬನ್ನಿ ಟೀಚರ್. ಅಂಗಳದಲ್ಲಿ ನಿಲ್ಲಿಸಿದ ಪ್ಲೈವುಡ್ ಹಲಗೆಗಳ ಮೇಲೆ ನಾವು ಇನ್ನೂ ಕೆಲಸ ಮಾಡುತ್ತಿದ್ದೇವೆ. ಬೆಳಗ್ಗೆ ಬಂದರೆ ಚಿತ್ರ ಬೆಳೆಯುವುದನ್ನೇ ನೋಡಬಹುದು. ಹಾಳೆಯ ಮೇಲಿನ ಸಣ್ಣ ಚಿತ್ರಕ್ಕೆ ಚೌಕ ಹಾಕಿಕೊಳ್ಳುತ್ತೇವೆ. ಹಲಗೆ ಮೇಲೆ ಅಷ್ಟೇ ಚೌಕಗಳನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಎಳೆಯುತ್ತೇವೆ. ಆಮೇಲೆ ಒಂದೊಂದೇ ಚೌಕ ನೋಡಿಕೊಂಡು ತುಂಬುವುದು. ರಟ್ಟು ಕೊರೆದು ಅದರ ಮೇಲೆ ಸ್ಪ್ರೇ ಹೊಡೆಯುವವರೂ ಇದ್ದಾರೆ. ಆಗ ಮಕ್ಕಳನ್ನು ಗಾಳಿ ಬರುವ ಕಡೆ, ಸ್ವಲ್ಪ ದೂರ ನಿಲ್ಲಿಸಿ. ಆ ವಾಸನೆ ಒಳ್ಳೆಯದಲ್ಲ.

ಒಂದು ವಿಷಯ ಮಕ್ಕಳಿಗೆ ಖಂಡಿತ ಹೇಳಬೇಕು. ಮ್ಯೂಸಿಯಂ ಇರುವುದೇ ಬಹಮನಿ ಕಾಲದ ಗುಂಬಜ್‌ಗಳಲ್ಲಿ. ಅಷ್ಟು ದೊಡ್ಡ ಗೋಡೆ ಇರುವಾಗ ಹಲಗೆ ಯಾಕೆ ಅಂತ ಬಂದವರೆಲ್ಲ ಕೇಳುತ್ತಾರೆ. ಹಳೇ ಗೋಡೆಗೆ ಸುಣ್ಣದ ಗಚ್ಚು ಇರುತ್ತದೆ. ಅದು ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಈಗಿನ ಅಕ್ರಿಲಿಕ್ ಬಣ್ಣ ಬಳಿದರೆ ಪೊರೆ ಕಟ್ಟುತ್ತದೆ. ತೇವ ಒಳಗೇ ಉಳಿಯುತ್ತದೆ. ಕೊನೆಗೆ ಬಣ್ಣ ಗಚ್ಚಿನ ಸಮೇತ ಕಳಚಿ ಬೀಳುತ್ತದೆ. ಯಾವ ಗೋಡೆ ಮುಟ್ಟಬಾರದು ಅನ್ನೋದನ್ನೇ ನಮಗೆ ಮೊದಲು ಕಲಿಸಿದ್ದು.

ನಿವೃತ್ತ ಇತಿಹಾಸ ಮೇಷ್ಟ್ರು, ಚಿತ್ತಾಪುರ

ತಮ್ಮ ಹೇಳಿದ್ದು ಸರಿ. ಆದರೂ ಒಳಗಿಂದಲೇ ಶುರು ಮಾಡಿ ತಂಗಿ. ಸನ್ನತಿ ಕಡೆಯಿಂದ ತಂದ ಬೌದ್ಧ ಶಿಲ್ಪಗಳ ಮುಂದೆ ಮಕ್ಕಳನ್ನು ಕೂರಿಸಿ, ಕಥೆ ಹೇಳಿ.

1986ರಲ್ಲಿ ಸನ್ನತಿಯ ಚಂದ್ರಲಾಂಬ ಗುಡಿ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ನೋಡಿದರೆ ಮೂರ್ತಿಯ ಪೀಠವೇ ಅಶೋಕನ ಶಾಸನದ ಕಲ್ಲು! ಅಲ್ಲೇ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು. ಅದರ ಸುತ್ತ ಸುಣ್ಣಕಲ್ಲಿನ ಚಪ್ಪಡಿಗಳು, ಚಪ್ಪಡಿಗಳ ಮೇಲೆ ಕಥೆಗಳು. ಎಷ್ಟೋ ಚಿತ್ರಗಳ ಜೊತೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಬರೆದಿದ್ದಾರೆ. ರಾಜ, ರಾಣಿ, ಸೇವಕಿಯರು ಇರುವ ಒಂದು ಚಪ್ಪಡಿಯಲ್ಲಿ ‘ರಾಯೋ ಅಸೋಕೊ’ ಅಂತಿದೆ. ಅದು ಕನಗನಹಳ್ಳಿಯದು, ಇಲ್ಲಿ ಹುಡುಕಬೇಡಿ.

ಸ್ತೂಪ ಸುತ್ತು ಹಾಕುವವರು ನಡೆಯುತ್ತಾ ನೋಡುವಂತೆ ಆ ಚಿತ್ರಗಳನ್ನು ಇಟ್ಟಿದ್ದರು. ಓದು ಬರದವರಿಗೂ ಕಥೆ ತಿಳಿಯುತ್ತಿತ್ತು. ಹೊರಗಿನ ಹಲಗೆಗಳ ಕೆಲಸವೂ ಅದೇ ಅಲ್ವಾ? ಇದನ್ನು ಒಳಗೇ ಕೇಳಿ, ಆಮೇಲೆ ಹೊರಗೆ ಬಿಡಿ. ಬಣ್ಣ ನೋಡಿ ಓಡುವ ಮಕ್ಕಳೂ ನಿಂತು ನೋಡುತ್ತಾರೆ. ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಇದನ್ನು ಕಂಡಿದ್ದೇನೆ.

ಗೃಹಿಣಿ, ಕಲಬುರಗಿ

ಕಾಕಾ, ನಿಮ್ಮ ಮಾತು ಚೆನ್ನಾಗಿದೆ, ಆದರೆ ನಮ್ಮ ಊರಿನ ಬಿಸಿಲನ್ನೂ ನೋಡಬೇಕಲ್ವಾ? ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಹನ್ನೊಂದರ ಮೇಲೆ ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಲು ಆಗುವುದಿಲ್ಲ. ಗುಂಬಜ್‌ನ ಗೋಡೆ ದಪ್ಪ, ಒಳಗೆ ತಂಪು. ಹಾಗಾಗಿ ಬಾಗಿಲು ತೆರೆದ ಕೂಡಲೇ ಸ್ವಲ್ಪ ಹೊತ್ತು ಮೂರ್ತಿಗಳ ಹತ್ತಿರ, ಬಿಸಿಲೇರುವ ಮೊದಲು ಹಲಗೆಗಳ ಹತ್ತಿರ, ಮತ್ತೆ ಒಳಗೆ. ನಾವು ಹೀಗೇ ಮಾಡಿದ್ವಿ. ಎರಡನೇ ಸಲ ಒಳಗೆ ಹೋದಾಗಲೇ ನನ್ನ ಮಗಳು ಜಾಸ್ತಿ ಪ್ರಶ್ನೆ ಕೇಳಿದ್ದು. ಈ ಕಲ್ಲಿಗೂ ಮೊದಲು ಬಣ್ಣ ಇತ್ತಾ ಅಂತ ಕೇಳಿದಳು.

ಮೊಬೈಲ್ ಬ್ಯಾಗಲ್ಲಿಡಿಸಿ. ಒಳಗಿನದೊಂದು, ಹೊರಗಿನದೊಂದು ಚಿತ್ರ ಪೆನ್ಸಿಲ್‌ನಲ್ಲಿ ಬರೆಸಿ. ಕುಡಿಯುವ ನೀರು ನೀವೇ ತನ್ನಿ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ವಿಚಾರಿಸಿಕೊಂಡೇ ಬಸ್ ಹತ್ತಿ.

ಬೀದರ್‌ನಿಂದ ಒಬ್ಬರು

ನಮ್ಮ ಕಡೆಗೂ ಒಮ್ಮೆ ಕರೆತನ್ನಿ ಮೇಡಂ. ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಇದೆ. ಒಳಗಿನ ಗೋಡೆ, ಗುಂಬಜ್ ತುಂಬ ಬಣ್ಣದ ಬಳ್ಳಿ, ಹೂವು, ಬರಹ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಲ್ಲಬೇಕು, ಆಮೇಲೆ ಕೆಂಪು, ಬಂಗಾರದ ಬಣ್ಣ ಒಂದೊಂದಾಗಿ ಕಾಣುತ್ತದೆ. ಇಂಥ ಜಾಗಗಳಲ್ಲೂ ಮೊಳೆಯಿಂದ ಹೆಸರು ಕೆತ್ತಿ ಹೋಗುವವರಿದ್ದಾರೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿದೆ. ಮಕ್ಕಳಿಗೆ ಇದನ್ನೂ ಹೇಳಿ.

ಬ್ಯಾನರ್ ಬರೆಯುತ್ತಿದ್ದವರು, ಶಹಾಬಾದ್

ಎಸ್.ಎಂ. ಪಂಡಿತರನ್ನು ಯಾರೂ ನೆನೆಯಲಿಲ್ಲವಲ್ಲ! 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದವರು. ಅವರ ದೇವರ ಚಿತ್ರಗಳು ಕ್ಯಾಲೆಂಡರ್ ಆಗಿ ಮನೆಮನೆಗೂ ಬಂದವು. ಬೀದಿಯಲ್ಲಿ ನಿಂತು ಚಿತ್ರ ನೋಡುವ ರೂಢಿ ನಮ್ಮವರಿಗೆ ಹೊಸದಲ್ಲ. ಊರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ, ಬಸ್ಸಿನಿಂದಾದರೂ ಮಕ್ಕಳಿಗೆ ತೋರಿಸಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರದರ್ಶನ ಇರುವಾಗಲೇ ಬರುತ್ತೇವೆ. ಒಳಗೆ, ಹೊರಗೆ, ಮತ್ತೆ ಒಳಗೆ. ಅಕ್ಕ ಹೇಳಿದಂತೆಯೇ ಮಾಡುತ್ತೇನೆ. ಮಕ್ಕಳೂ ಒಂದು ಹಲಗೆಗೆ ಕೈ ಹಚ್ಚಬಹುದಾ ತಮ್ಮಾ?

ಚಿತ್ರಕಲಾ ವಿದ್ಯಾರ್ಥಿ, ಕಲಬುರಗಿ

ಹಚ್ಚಬಹುದು ಟೀಚರ್. ಒಂದು ಹಲಗೆಗೆ ಬಿಳಿ ಬಣ್ಣ ಬಳಿದು, ಚೌಕ ಎಳೆದು ಇಟ್ಟಿರುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಸ್ಪ್ರೇ ಬೇಡ, ಬ್ರಷ್ ನಾವೇ ಕೊಡುತ್ತೇವೆ. ಹಳೇ ಬಟ್ಟೆ ಹಾಕಿಸಿಕೊಂಡು ಬನ್ನಿ. ಎಷ್ಟು ಮಕ್ಕಳು ಅಂತ ಶಾಲೆಯಿಂದ ಮ್ಯೂಸಿಯಂಗೆ ಒಂದು ಪತ್ರ ಮೊದಲೇ ಕೊಟ್ಟಿರಿ.