ದ್ವೇಷ ಭಾಷಣದ ವಿಡಿಯೊ ಕೈಗೆ ಬಂದಾಗ ವಕೀಲರು ಮಾಡಬೇಕಾದ್ದೇನು?

ಪ್ರಶ್ನೆ: ಸರ್, ತಾಲ್ಲೂಕು ಕೋರ್ಟಿನಲ್ಲಿ ಜೂನಿಯರ್ ಆಗಿದ್ದೇನೆ. ಸಭೆಯೊಂದರಲ್ಲಿ ಒಂದು ಸಮುದಾಯದವರನ್ನು ಹುಳಗಳೆಂದು ಕರೆದು, ‘ಊರಿನಿಂದ ಗುಡಿಸಿ ಹಾಕಬೇಕು’ ಎಂದ ವಿಡಿಯೊ ಓಡಾಡುತ್ತಿದೆ. ಸರ್ಕಾರದ ಸ್ಯಾಂಕ್ಷನ್ (ಮೊಕದ್ದಮೆ ನಡೆಸಲು ಅನುಮತಿ) ಬರದೆ ಎಫ್‌ಐಆರ್ ಆಗದು ಎನ್ನುತ್ತಾರೆ ಠಾಣೆಯವರು. ನರಮೇಧಕ್ಕೆ ಪ್ರಚೋದನೆ ಎಂದು ದೂರಿನಲ್ಲಿ ಬರೆಯಬಹುದೇ?

ಉತ್ತರ (ಕ್ರಿಮಿನಲ್ ವಕೀಲರು): ಠಾಣೆಯವರ ಮಾತು ತಪ್ಪು. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ) 217ನೇ ಕಲಂ ತಡೆಯುವುದು ಕೋರ್ಟು ಕಾಗ್ನಿಜೆನ್ಸ್ ತೆಗೆದುಕೊಳ್ಳುವುದನ್ನು, ಅಂದರೆ ಪ್ರಕರಣವನ್ನು ವಿಚಾರಣೆಗೆ ಕೈಗೆತ್ತಿಕೊಳ್ಳುವುದನ್ನು, ಮಾತ್ರ. ಎಫ್‌ಐಆರ್‌ಗಾಗಲಿ ತನಿಖೆಗಾಗಲಿ ಅಡ್ಡಿಯಿಲ್ಲ. ದ್ವೇಷ ಭಾಷಣವಾದರೆ ದೂರು ಬರದಿದ್ದರೂ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತ್ತು. ಆದರೆ 173(3)ರಡಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ಆ ದಿನಗಳ ಲೆಕ್ಕ ನೀವೇ ಇಡಿ. ಠಾಣೆ ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ಲಿಖಿತ ದೂರು, ಆಮೇಲೆ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ ಸಹಿತ ಅರ್ಜಿ. ಎಸ್‌ಪಿ ಹಂತ ಬಿಟ್ಟು ನೇರ ಕೋರ್ಟಿಗೆ ಹೋದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ.

ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ನ್ಯಾಯ ಸಂಹಿತೆ) 196, 197, 353(2) ಹಾಕಿ. ಸಮುದಾಯಗಳ ನಡುವೆ ದ್ವೇಷ ಹರಡುವ ಮಾತುಗಳಿಗೆ ಇರುವ ಕಲಂಗಳಿವು. 299 ಸೇರಿಸುವ ಆತುರ ಬೇಡ. ಅದು ಧರ್ಮದ ಅವಹೇಳನಕ್ಕೆ ಸಂಬಂಧಿಸಿದ್ದು, ಇಲ್ಲಿ ದಾಳಿ ನಡೆದಿರುವುದು ಮನುಷ್ಯರ ಮೇಲೆ. ಗುರಿಯಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಯು) ಇದೆ. 18ಎ ಪ್ರಕಾರ ಅದಕ್ಕೆ ಪ್ರಾಥಮಿಕ ವಿಚಾರಣೆಯೂ ಬೇಕಿಲ್ಲ.

ನರಮೇಧದ ಮಾತನ್ನು ದೂರಿನಲ್ಲಿ ತರಬೇಡಿ. 1948ರ ನರಮೇಧ ಒಪ್ಪಂದವನ್ನು ಭಾರತ 1959ರಲ್ಲಿ ಅನುಮೋದಿಸಿದ್ದರೂ ಅದನ್ನು ಅಪರಾಧವೆನ್ನುವ ದೇಶೀಯ ಕಾನೂನು ಬರಲಿಲ್ಲ. 1984ರ ಸಿಖ್ ಹತ್ಯೆಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರಲ್ಲಿ ಎತ್ತಿ ಹೇಳಿದ್ದು ಈ ಕೊರತೆಯನ್ನೇ.

ಮರುಪ್ರಶ್ನೆ: ವಿಡಿಯೊ ವಾಟ್ಸಾಪ್‌ನಲ್ಲಿ ಬಂದದ್ದು. ಸಾಕ್ಷ್ಯವಾಗಿ ನಿಲ್ಲುತ್ತದೆಯೇ?

ಉತ್ತರ (ಅದೇ ವಕೀಲರು): ಇಂಥ ಕೇಸುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ವಿಡಿಯೊ ಕುಗ್ಗುತ್ತದೆ, ಹ್ಯಾಷ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಬದಲಾಗುತ್ತದೆ. ಮೂಲ ಚಿತ್ರೀಕರಿಸಿದವರನ್ನು ಹುಡುಕಿ, ಫೈಲನ್ನು ಫೋನಿನಿಂದ ನೇರವಾಗಿ ಪೆನ್‌ಡ್ರೈವ್‌ಗೆ ನಕಲಿಸಿ, ಆಗಲೇ ಎಸ್‌ಎಚ್‌ಎ-256 ಹ್ಯಾಷ್ ತೆಗೆದಿಡಿ. ಸಾಕ್ಷ್ಯ ಅಧಿನಿಯಮದ 63(4)ರಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರದಲ್ಲಿ ‘ಎ’ ಭಾಗಕ್ಕೆ ಸಾಧನ ಯಾರ ಬಳಿ ಇತ್ತೋ ಅವರು, ‘ಬಿ’ ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ‘ಬಿ’ ಖಾಲಿ ಬಿಟ್ಟರೆ ವಿಚಾರಣೆಯಲ್ಲಿ ಎದುರಾಳಿ ಮೊದಲು ಹಿಡಿಯುವುದು ಅದನ್ನೇ. ಜಾಲತಾಣದ ಪೋಸ್ಟಾದರೆ ಪೂರ್ತಿ ಲಿಂಕ್, ದಿನಾಂಕ, ಸಮಯ ಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಪೋಸ್ಟ್ ತೆಗೆಸುವುದಕ್ಕೆ ಮುಂಚೆ ಇದೆಲ್ಲ ಮುಗಿದಿರಲಿ. ತೆಗೆದ ಮಾಹಿತಿಯನ್ನು ಕಂಪನಿ ಉಳಿಸಿಡಬೇಕಾದದ್ದು 180 ದಿನ ಮಾತ್ರ.

ತುಣುಕು ಸಾಲದು, ಇಡೀ ಭಾಷಣ ಕೊಡಿ. ಯಾರು ಹೇಳಿದರು, ಯಾರೆದುರು, ಯಾವ ಸಂದರ್ಭದಲ್ಲಿ, ಏನುದ್ದೇಶದಿಂದ ಎಂಬುದನ್ನೆಲ್ಲ ತೂಗಬೇಕೆಂದು ಟಿವಿ ನಿರೂಪಕ ಅಮೀಶ್ ದೇವಗನ್ ಪ್ರಕರಣದ 2020ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿದೆ.

ಇನ್ನೊಬ್ಬರ ಉತ್ತರ (ಅಂತರರಾಷ್ಟ್ರೀಯ ಕಾನೂನು ಬೋಧಕರು): ರುವಾಂಡಾದ ಉದಾಹರಣೆ ನೋಡಿ. ಟುಟ್ಸಿ ಸಮುದಾಯದ ವಿರುದ್ಧ ದ್ವೇಷ ಹರಡಿದ ಆರ್‌ಟಿಎಲ್‌ಎಂ ರೇಡಿಯೊ 1993ರ ಜುಲೈಯಲ್ಲಿ ಶುರುವಾಯಿತು, ಟುಟ್ಸಿಗಳ ಹತ್ಯಾಕಾಂಡ ನಡೆದದ್ದು 1994ರ ಏಪ್ರಿಲ್‌ನಿಂದ ಜುಲೈವರೆಗೆ. ಅದರ ಸ್ಥಾಪಕರಲ್ಲೊಬ್ಬರಾದ ಬರಾಯಗ್ವಿಜಾ ಸ್ವತಃ ವಕೀಲರು. ರುವಾಂಡಾ ಕುರಿತ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಶಿಕ್ಷೆಯಾದದ್ದು 2003ರ ಡಿಸೆಂಬರ್‌ನಲ್ಲಿ, ಉಳಿದಿದ್ದ ಧ್ವನಿಮುದ್ರಿಕೆಗಳೂ ಅಲ್ಲಿ ಸಾಕ್ಷ್ಯವಾದವು. 2007ರ ಮೇಲ್ಮನವಿಯಲ್ಲಿ ನ್ಯಾಯಾಧೀಶರು ದ್ವೇಷದ ಮಾತೆಲ್ಲ ನರಮೇಧದ ನೇರ ಪ್ರಚೋದನೆಯಲ್ಲ ಎಂದರು. ಆ ರೇಡಿಯೊದ ವಿಷಯದಲ್ಲಿ 1994ರ ಏಪ್ರಿಲ್ 6ರ ನಂತರದ ಪ್ರಸಾರಗಳನ್ನು ಮಾತ್ರ ಹಾಗೆ ಪರಿಗಣಿಸಿದರು. ಆ ಗೆರೆ ದಾಟುವುದಕ್ಕೆ ಮುಂಚಿನ ಕಾಲವನ್ನು ನೋಡಿಕೊಳ್ಳಬೇಕಾದದ್ದು ತಾಲ್ಲೂಕು ಮಟ್ಟದ ಸಾಮಾನ್ಯ ಕಾನೂನುಗಳೇ.

ಮರುಪ್ರಶ್ನೆ: ಮೇಡಂ, ಅದೇ ಭಾಷಣಕಾರರ ಇನ್ನೊಂದು ಸಭೆ ಮುಂದಿನ ವಾರವಿದೆ. ನಿಲ್ಲಿಸಬಹುದೇ?

ಉತ್ತರ (ಅದೇ ಬೋಧಕರು): ಸಭೆಯನ್ನೇ ನಿಷೇಧಿಸಿ ಎಂದು ಕೇಳುವುದಕ್ಕಿಂತ ವ್ಯಕ್ತಿಯನ್ನು ಮುಚ್ಚಳಿಕೆಗೆ ಕಟ್ಟುವುದು ಮೇಲು. ಬಿಎನ್‌ಎಸ್‌ಎಸ್ 127ರಡಿ ತಹಶೀಲ್ದಾರರು, ಕಮಿಷನರೇಟ್ ಊರುಗಳಲ್ಲಿ ಆ ಅಧಿಕಾರವಿರುವ ಪೊಲೀಸ್ ಅಧಿಕಾರಿ, ಒಂದು ವರ್ಷದವರೆಗಿನ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಹಿಂದಿನ ಭಾಷಣದ ಪಠ್ಯವನ್ನು ಆಡಿದ ಮಾತಿನಲ್ಲೇ, ನಿಮಿಷ-ಸೆಕೆಂಡು ನಮೂದಿಸಿ ಲಗತ್ತಿಸಿ. ಅದರ ಒಂದು ಪ್ರತಿ ಗುಂಪು ಹಿಂಸೆ ತಡೆಗೆಂದು ನೇಮಕವಾದ ನಿಮ್ಮ ಜಿಲ್ಲೆಯ ನೋಡಲ್ ಅಧಿಕಾರಿಗೂ ಹೋಗಲಿ. 2018ರ ತೆಹಸೀನ್ ಪೂನಾವಾಲಾ ತೀರ್ಪಿನಂತೆ ಆತ ಎಸ್‌ಪಿ ದರ್ಜೆಗಿಂತ ಕಡಿಮೆಯವನಾಗಿರಬಾರದು.

ಇನ್ನೊಂದು. ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿಮ್ಮ ಸಂಘದಲ್ಲಿ ಠರಾವು ಬಂದರೆ ವಿರೋಧಿಸಿ. ಇಂಥ ಠರಾವುಗಳು ಅಕ್ರಮವೆಂದು ಸುಪ್ರೀಂ ಕೋರ್ಟ್ 2010ರ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲೇ ಹೇಳಿದೆ. 2020ರಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹುಬ್ಬಳ್ಳಿ ವಕೀಲರ ಸಂಘದ ಠರಾವಿಗೆ ನಮ್ಮ ಹೈಕೋರ್ಟೂ ಕಟುವಾಗಿ ಆಕ್ಷೇಪಿಸಿತ್ತು.