ಪಾರ್ಕಿನಲ್ಲಿ ಬ್ರೇಕಿಂಗ್ ಕಲಿತ ತಮ್ಮನನ್ನು ಟಿವಿ ಡ್ಯಾನ್ಸ್ ಶೋಗೆ ಕಳಿಸಬಹುದಾ? ಅನುಭವ ಇದ್ದವರು ಹೇಳಿ

ನನ್ನ ತಮ್ಮನಿಗೆ 19 ವರ್ಷ. ಮೈಸೂರಲ್ಲಿ ಬಿ.ಕಾಂ ಓದುತ್ತಿದ್ದಾನೆ. ಮೂರು ವರ್ಷದಿಂದ ಬ್ರೇಕಿಂಗ್ (ನೆಲಕ್ಕೆ ಕೈ, ಭುಜ, ತಲೆ ಊರಿ ಸುತ್ತುತ್ತಾ ಆಡುವ ಬೀದಿ ಡ್ಯಾನ್ಸ್) ಹುಚ್ಚು. ಯಾವ ಕ್ಲಾಸಿಗೂ ಹೋದವನಲ್ಲ. ಮೊಬೈಲ್ ನೋಡಿ, ಪಾರ್ಕಿನಲ್ಲಿ ಸೇರುವ ಹುಡುಗರ ಜೊತೆ ಬಿದ್ದು ಎದ್ದು ಕಲಿತಿದ್ದಾನೆ. ಈಗ ಒಂದು ಟಿವಿ ಡ್ಯಾನ್ಸ್ ಶೋ ಆಡಿಷನ್ ಇದೆ. ಮನೆಯಲ್ಲಿ ಎಲ್ಲರೂ ಹೋಗು ಅನ್ನುತ್ತಿದ್ದಾರೆ. ಅವನ ಜೊತೆಯ ದೊಡ್ಡ ಹುಡುಗರು ಮಾತ್ರ ‘ಟಿವಿಗೆ ಹೋದರೆ ನಿನ್ನ ಡ್ಯಾನ್ಸ್ ಕೆಡುತ್ತೆ’ ಅಂತಾರೆ. ಎರಡು ದಿನದಿಂದ ಅವನು ಸರಿಯಾಗಿ ಊಟ ಮಾಡಿಲ್ಲ. ಏನು ಹೇಳಲಿ ಅವನಿಗೆ?

*

ಕಳಿಸಿ ಅಕ್ಕಾ. ಆದರೆ ಅಲ್ಲಿ ಏನು ಕೇಳುತ್ತಾರೆ ಅಂತ ತಿಳಿದುಕೊಂಡು ಹೋಗಲಿ. ನಾನು ತಿಳಿಯದೆ ಹೋಗಿದ್ದೆ. ಬೆಂಗಳೂರಿನವನು, ಹತ್ತು ವರ್ಷದ ಹಿಂದೆ ಒಂದು ಶೋನಲ್ಲಿ ನಾಲ್ಕು ವಾರ ಇದ್ದೆ.

ಬೆಳಿಗ್ಗೆ ಆರಕ್ಕೆ ಸಾಲಿನಲ್ಲಿ ನಿಂತೆ. ನನ್ನ ನಂಬರ್ ಕರೆದಾಗ ಮಧ್ಯಾಹ್ನ ಮೂರು ದಾಟಿತ್ತು. ಅಷ್ಟು ಹೊತ್ತಿಗೆ ಮೈಯೆಲ್ಲ ಮರಗಟ್ಟಿತ್ತು. ಸಿಕ್ಕಿದ್ದು ತೊಂಬತ್ತು ಸೆಕೆಂಡ್. ಮೊದಲ ವಿಂಡ್‌ಮಿಲ್‌ಗೇ (ಬೆನ್ನು, ಭುಜದ ಮೇಲೆ ಕಾಲು ಬೀಸಿ ಸುತ್ತೋದು) ಭುಜ ಹಿಡಿದುಕೊಂಡಿತು. ಪಾರ್ಕಿನಲ್ಲಾದರೆ ಮೈ ಬಿಸಿಯಾದ ಮೇಲೇ ಸೈಫರ್ (ಸುತ್ತ ನಿಂತವರ ನಡುವೆ ಒಬ್ಬೊಬ್ಬರಾಗಿ ಕುಣಿಯುವ ವೃತ್ತ) ಒಳಗೆ ಇಳಿಯುತ್ತೇವೆ, ಅಲ್ವಾ? ಅಲ್ಲಿ ಹಾಗಿಲ್ಲ. ಗಂಟೆಗೊಮ್ಮೆ ಎದ್ದು ಕೈಕಾಲು ಆಡಿಸುತ್ತಿರಲಿ. ಜರ್ಕಿನ್, ಮೊಣಕಾಲಿಗೆ ಹಾಕುವ ನೀ ಪ್ಯಾಡ್, ಬಾಳೆಹಣ್ಣು, ನೀರು ಬ್ಯಾಗಿನಲ್ಲಿ ಇರಲಿ.

ಇನ್ನೊಂದು ವಿಷಯ ಹಾಡಿನದು. ಬ್ಯಾಟಲ್‌ನಲ್ಲಿ (ಎದುರುಬದುರು ನಿಂತು ಸರದಿಯಲ್ಲಿ ಕುಣಿಯುವ ಪೈಪೋಟಿ) ಯಾವ ಹಾಡು ಬರುತ್ತೆ ಅಂತ ನಮಗೆ ಗೊತ್ತಿರೋದಿಲ್ಲ. ಡಿಜೆ ಹಾಕಿದ್ದನ್ನು ಕಿವಿಗೊಟ್ಟು ಕೇಳಿ ಅಲ್ಲೇ ಉತ್ತರ ಕೊಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಬ್ರೇಕಿಂಗ್ ಇದ್ದಾಗ ಹಾಗೇ ಇತ್ತು. ಟಿವಿಯಲ್ಲಿ ಪೂರ್ತಿ ತಿರುಗಾಮುರುಗಾ. ಹಾಡು ಮೊದಲೇ ಕತ್ತರಿಸಿರುತ್ತಾರೆ. ಯಾವ ಎಣಿಕೆಗೆ ಎಲ್ಲಿ ನಿಲ್ಲಬೇಕು ಅಂತ ಕ್ಯಾಮೆರಾದವರಿಗೂ ಗೊತ್ತಿರುತ್ತೆ. ಒಂದು ಹೆಜ್ಜೆ ಆಚೆ ಹೋದರೆ ಫ್ರೇಮಿನಲ್ಲಿ ನೀವಿಲ್ಲ. ಇದು ಕೀಳು ಕೆಲಸ ಅಂತ ನಾನು ಹೇಳಲ್ಲ. ಇದೂ ಒಂದು ವಿದ್ಯೆ, ಬೇರೆ ವಿದ್ಯೆ. ಈಗಿನಿಂದಲೇ ದಿನಕ್ಕೆ ಅರ್ಧ ಗಂಟೆ, ನೆಲದ ಮೇಲೆ ಟೇಪ್ ಅಂಟಿಸಿ ಅದರೊಳಗೇ ಆಡಿ ಅಭ್ಯಾಸ ಮಾಡಲಿ.

ಮೊದಲ ವಾರ ನಾನು ಟಾಪ್‌ರಾಕ್‌ನಿಂದ (ನಿಂತೇ ಹಾಕುವ ಹೆಜ್ಜೆ) ಶುರು ಮಾಡಿ, ಕೆಳಗಿಳಿದು ನೆಲಕ್ಕೆ ಕೈ ಊರಿ ಕಾಲಾಡಿಸುವ ಫುಟ್‌ವರ್ಕ್ ಮಾಡಿ, ಕೊನೆಗೆ ಹೆಡ್‌ಸ್ಪಿನ್, ಫ್ರೀಸ್ (ಅಲುಗಾಡದೆ ಹಾಗೇ ನಿಲ್ಲೋದು). ಆ ಫುಟ್‌ವರ್ಕ್‌ಗೆ ಒಂದು ವರ್ಷ ಸುರಿದಿದ್ದೆ. ಟಿವಿಯಲ್ಲಿ ಬಂದಾಗ ನನ್ನ ಕಾಲು ಕಾಣಿಸಲೇ ಇಲ್ಲ. ಆ ಹೊತ್ತಿಗೆ ಜಡ್ಜ್‌ಗಳ ಮುಖ ತೋರಿಸಿದ್ದರು. ಹೆಡ್‌ಸ್ಪಿನ್ ಮಾತ್ರ ಮೂರು ಸಲ, ನಿಧಾನವಾಗಿ. ನಿಮ್ಮ ತಮ್ಮನ ಜೊತೆಯವರು ಕೆಡುತ್ತೆ ಅನ್ನೋದು ಇದಕ್ಕೇ. ಸುತ್ತಿದರೆ ಚಪ್ಪಾಳೆ ಬರುತ್ತೆ ಅಂತ ಗೊತ್ತಾದ ಮೇಲೆ ನಾನೂ ಬರೀ ಸುತ್ತೋದನ್ನೇ ಅಭ್ಯಾಸ ಮಾಡತೊಡಗಿದೆ. ಮೂರನೇ ವಾರಕ್ಕೆ ಬೀಟ್ ಕೇಳಿಸಿಕೊಳ್ಳೋದೇ ಬಿಟ್ಟಿದ್ದೆ. ಶೋ ನಡೆಯುವಾಗಲೂ ವಾರಕ್ಕೆ ಒಂದು ದಿನ ಅವನು ಆ ಪಾರ್ಕಿಗೆ ಹೋಗಲೇಬೇಕು. ಇದೊಂದು ಮಾತು ತೆಗೆದುಕೊಳ್ಳಿ ಅವನಿಂದ.

ಆಮೇಲೆ ಮನೆ ಕಥೆ. ಅಪ್ಪ ಆಟೋ ಓಡಿಸುತ್ತಾರೆ ಅಂತ ಗೊತ್ತಾದ ಕೂಡಲೇ ಶೋನವರು ಮನೆಗೆ ಬಂದು ಶೂಟ್ ಮಾಡಿದರು. ಅಮ್ಮ ಒಂದು ಸಲ ಹೇಳಿದ್ದನ್ನೇ ಇನ್ನೊಂದು ಸಲ, ಮತ್ತೊಂದು ಸಲ ಹೇಳಿ ಅಂದರು. ಅಮ್ಮನಿಗೆ ಅಳು ಬರುವವರೆಗೂ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಂಕಟ ಆಗುತ್ತೆ. ಏನು ಹೇಳಬೇಕು, ಏನು ಹೇಳಬಾರದು ಅಂತ ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ.

ಅಗ್ರಿಮೆಂಟ್ ಕೊಟ್ಟರೆ ಅಲ್ಲೇ ಸಹಿ ಹಾಕೋದು ಬೇಡ. ಎಷ್ಟು ತಿಂಗಳು ಬೇರೆ ಕಡೆ ಕುಣಿಯುವಂತಿಲ್ಲ, ಗಾಯ ಆದರೆ ಖರ್ಚು ಯಾರದು, ಊಟ ವಸತಿ ಯಾರದು, ಇಷ್ಟನ್ನು ಗೊತ್ತಿರುವ ವಕೀಲರ ಹತ್ತಿರ ಓದಿಸಿ.

*

ನಾನು ಹಾಸನದವಳು. ನನ್ನ ಮಗಳು ಪಾಪಿಂಗ್ (ತಾಳಕ್ಕೆ ಸ್ನಾಯು ಝಟ್ ಅಂತ ಬಿಗಿದು ಬಿಡುವ ಡ್ಯಾನ್ಸ್) ಮಾಡುತ್ತಾಳೆ, ಎರಡು ವರ್ಷದ ಹಿಂದೆ ಒಂದು ಶೋಗೆ ಹೋಗಿದ್ದಳು. ಮೇಲಿನವರು ಹೇಳದ ಒಂದೆರಡು ಮಾತು. ಕಾಲೇಜಿನಲ್ಲಿ ಅಟೆಂಡೆನ್ಸ್ ಬಗ್ಗೆ ಮೊದಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಬರೆದು ಕೊಡಿ. ನಾವು ಆಮೇಲೆ ನೋಡೋಣ ಅಂದುಕೊಂಡು ಒಂದು ಸೆಮಿಸ್ಟರ್ ಕಳೆದುಕೊಂಡೆವು.

ಇವಳು ಆರನೇ ವಾರ ಎಲಿಮಿನೇಟ್ ಆದಳು. ಮನೆಗೆ ಬಂದು ಶೂಗಳನ್ನು ಅಟ್ಟಕ್ಕೆ ಹಾಕಿದಳು. ಎರಡು ತಿಂಗಳು ಮುಟ್ಟಲಿಲ್ಲ. ನಾನು, ಅವರಪ್ಪ ಏನು ಹೇಳಿದರೂ ಕೇಳಲಿಲ್ಲ. ಕೊನೆಗೆ ಜೊತೆಗೆ ಪ್ರಾಕ್ಟೀಸ್ ಮಾಡುತ್ತಿದ್ದ ಮಕ್ಕಳೇ ಸ್ಪೀಕರ್ ಹೊತ್ತುಕೊಂಡು ನಮ್ಮ ಮನೆ ಮಹಡಿಗೆ ಬಂದರು. ಅವಳು ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತೇ ಇದ್ದಳು. ಆಮೇಲೆ ಬರಿಗಾಲಲ್ಲಿ ಎದ್ದು ಹೋದಳು. ನಿಮ್ಮ ತಮ್ಮ ಆ ಹುಡುಗರ ಜೊತೆ ಜಗಳ ಮಾಡಿಕೊಂಡು ಹೋಗೋದು ಬೇಡಮ್ಮ. ಒಪ್ಪಿಸಿ ಹೋಗಲಿ.

*

ನಾನು ಲಾಕಿಂಗ್ (ಆಡುವ ಕೈಕಾಲನ್ನು ಬೀಗ ಹಾಕಿದಂತೆ ಥಟ್ಟನೆ ನಿಲ್ಲಿಸುವ ಡ್ಯಾನ್ಸ್) ಕಲಿಸುತ್ತೇನೆ. ದೊಡ್ಡ ಹುಡುಗರ ಮಾತಿಗೆ ಒಂದು ಉತ್ತರ ಕೊಡಬೇಕು ಅನ್ನಿಸಿತು.

ಹಿಪ್-ಹಾಪ್ ಹುಟ್ಟಿದ್ದು ಟಿವಿಯಿಂದ ಅಲ್ಲ, ನಿಜ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನೇ ಅದರ ಹುಟ್ಟು ಅಂತಾರೆ. ಹಾಡಿನ ನಡುವೆ ಬರೀ ತಾಳ ಉಳಿಯುವ ಬ್ರೇಕ್ ಅನ್ನು ಹರ್ಕ್ ಎಳೆದು ಎಳೆದು ಬಾರಿಸುತ್ತಿದ್ದರು. ಅದಕ್ಕೆ ಕುಣಿದವರೇ ಬ್ರೇಕಿಂಗ್ ಮಾಡುವ ಬಿ-ಬಾಯ್‌ಗಳು. ಆದರೆ ನನ್ನ ಲಾಕಿಂಗ್ ಕಥೆ ಬೇರೆ. ಲಾಸ್ ಏಂಜಲೀಸ್‌ನ ಡಾನ್ ಕ್ಯಾಂಬೆಲ್ ಶುರು ಮಾಡಿದ ಲಾಕಿಂಗ್ ಊರೂರಿಗೆ ಹರಡಿದ್ದು 1970ರ ದಶಕದಲ್ಲಿ, ಟಿವಿಯಿಂದಲೇ. ಕ್ಯಾಂಬೆಲ್ ತಂಡವನ್ನು ಟಿವಿಯಲ್ಲಿ ನೋಡಿ ಹುರುಪುಗೊಂಡ, ಅಮೆರಿಕದ ಫ್ರೆಸ್ನೋ ಊರಿನ ಬೂಗಲೂ ಸ್ಯಾಮ್ ತನ್ನದೇ ದಾರಿ ಹುಡುಕಿ ಪಾಪಿಂಗ್ ಕಟ್ಟಿದರು. ಹಾಗಾಗಿ ಟಿವಿ ಬಂದರೆ ಬೀದಿ ಡ್ಯಾನ್ಸ್ ಸಾಯುತ್ತೆ ಅನ್ನೋದು ಸುಮ್ನೆ ಮಾತು.

ನಮ್ಮ ದೇಶದಲ್ಲೇ ನೋಡಿ. 2020ರಲ್ಲಿ ‘ಇಂಡಿಯಾಸ್ ಬೆಸ್ಟ್ ಡ್ಯಾನ್ಸರ್’ ಮೊದಲ ಸೀಸನ್ ಗೆದ್ದ ಟೈಗರ್ ಪಾಪ್, ಹೆಸರೇ ಹೇಳುವಂತೆ, ಪಾಪಿಂಗ್ ಹುಡುಗ. ಮುಂಬೈ ಕಡೆಯ ಕಿಂಗ್ಸ್ ಯುನೈಟೆಡ್ ತಂಡ ಇಲ್ಲಿನ ಶೋಗಳಲ್ಲಿ ಬೆಳೆದು, 2019ರಲ್ಲಿ ಅಮೆರಿಕದ ‘ವರ್ಲ್ಡ್ ಆಫ್ ಡ್ಯಾನ್ಸ್’ ಗೆದ್ದು 10 ಲಕ್ಷ ಡಾಲರ್ ತಂದಿತು. ಒಲಿಂಪಿಕ್ಸ್ ಕನಸೂ ಸದ್ಯಕ್ಕೆ ಇಲ್ಲ, 2028ಕ್ಕೆ ಬ್ರೇಕಿಂಗ್ ಸೇರಿಸಿಲ್ಲ. ಮೈಸೂರಿನ ಹುಡುಗನಿಗೆ ಟಿವಿ ಬಿಟ್ಟರೆ ದೊಡ್ಡ ಕಿಟಕಿ ಎಲ್ಲಿದೆ ಹೇಳಿ.

ನನಗೆ ಬೇಸರ ಆಗುವ ವಿಷಯ ಒಂದೇ. ಟಿವಿಯಲ್ಲಿ ಬ್ರೇಕಿಂಗ್, ಪಾಪಿಂಗ್, ಲಾಕಿಂಗ್, ಕ್ರಂಪಿಂಗ್ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಹಿಪ್-ಹಾಪ್ ಅಂತಾರೆ. ಮೈಕ್ ಕೊಟ್ಟಾಗ ನಿಮ್ಮ ತಮ್ಮ ‘ನಾನು ಬ್ರೇಕಿಂಗ್ ಮಾಡುತ್ತೇನೆ, ಇಂಥ ಪಾರ್ಕಿನಲ್ಲಿ ಇಂಥವರ ಜೊತೆ ಕಲಿತೆ’ ಅಂತ ಹೆಸರು ಹಿಡಿದು ಹೇಳಲಿ. ಆ ಹುಡುಗರ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವನಿಗೇ ಮೊಬೈಲ್ ಕೊಟ್ಟು ಓದಿಸಿದೆ. ಓದಿ ಏನೂ ಹೇಳಲಿಲ್ಲ, ಎರಡು ಚಪಾತಿ ಜಾಸ್ತಿ ತಿಂದು ಪಾರ್ಕಿಗೆ ಹೋದ. ವಾಪಸ್ ಬರುವಾಗ ಅಂಗಡಿಯಿಂದ ಟೇಪ್ ತಂದಿದ್ದಾನೆ. ಆಡಿಷನ್ ಭಾನುವಾರ, ಇಬ್ಬರು ದೊಡ್ಡ ಹುಡುಗರೂ ಜೊತೆಗೆ ಬರುತ್ತಾರಂತೆ. ಒಂದು ಕೇಳೋದು ಮರೆತೆ, ಸ್ಟುಡಿಯೋ ನೆಲ ಜಾರುತ್ತಾ?

*

ಜಾರುತ್ತೆ ಅಕ್ಕಾ, ಲೈಟಿನ ಬಿಸಿಗೆ ಬೆವರು ಬಿದ್ದರೆ ಇನ್ನೂ ಜಾಸ್ತಿ. ಎರಡು ಜೊತೆ ಶೂ, ಒಂದು ಸಣ್ಣ ಟವೆಲ್ ಹಾಕಿಕೊಡಿ. ಶೂ ಹೊಸದು ಬೇಡ, ಪಾರ್ಕಿನಲ್ಲಿ ಸವೆದದ್ದೇ ಇರಲಿ.