ನೇಕಾರ ಅಪ್ಪನ ಸೀರೆಗೆ ಇನ್‌ಸ್ಟಾಗ್ರಾಂನಲ್ಲಿ ಯಾರ ಹೆಸರು ಬೆಳೆಸಬೇಕು?

ಇಳಕಲ್ಲಿನ ಮಗಳು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ಲಿನ ನೇಕಾರ ಮನೆ. ಅಪ್ಪ ಮೂವತ್ತು ವರ್ಷಗಳಿಂದ, ನೆಲದ ಕುಣಿಯಲ್ಲಿ ಕಾಲಿಳಿಸಿ ಕೂರುವ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದಾರೆ. ಅದರಲ್ಲಿ ಬಹುಪಾಲು ವರ್ಷ ಸಾವಕಾರರು ಕೊಟ್ಟ ನೂಲನ್ನು ಮಜೂರಿಗೆ ನೇಯ್ದಿದ್ದಾರೆ. ಸೀರೆ ಒಮ್ಮೆ ಮನೆ ದಾಟಿ ಅಂಗಡಿ ಸೇರಿದರೆ, ಅದನ್ನು ನೇಯ್ದವರು ಯಾರೆಂದು ಉಟ್ಟವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಪದವಿ ಮುಗಿಸಿ ಊರಿಗೆ ಬಂದ ನಾನು, ನಮ್ಮದೇ ನೂಲು ತಂದು ತಿಂಗಳಿಗೆ ಕೆಲವು ಸೀರೆಗಳನ್ನಾದರೂ ನೇರವಾಗಿ ಮಾರೋಣವೆಂದು ಅಪ್ಪನನ್ನು ಒಪ್ಪಿಸಿ ಇನ್‌ಸ್ಟಾಗ್ರಾಂನಲ್ಲಿ ಖಾತೆ ತೆರೆದೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ನಾನೇ ಸೀರೆ ಉಟ್ಟು, ಆ ವಾರ ಎಲ್ಲೆಡೆ ಕೇಳಿಬರುತ್ತಿದ್ದ ಹಾಡಿಗೆ ಸೆರಗು ಹಾರಿಸಿ ರೀಲ್ಸ್ ಹಾಕಿದೆ. ಅಂಥದ್ದೊಂದನ್ನು ಎರಡು ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು, ಆದರೆ ಆ ವಾರ ಒಂದು ಸೀರೆಯೂ ಹೋಗಲಿಲ್ಲ. ಬಂದ ಸಂದೇಶಗಳಲ್ಲಿ ಹೆಚ್ಚಿನವು ನನ್ನ ಬಗ್ಗೆ ಇದ್ದವು. ಕೆಲವಂತೂ ಅಪ್ಪನಿಗೆ ತೋರಿಸುವಂತಿರಲಿಲ್ಲ. ಆಮೇಲೊಂದು ದಿನ ಅಪ್ಪ ಒಡಲಿನ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಹಾಸಿದ ಎಳೆಗಳ ತುದಿಗೆ ಸೆರಗಿನ ಕೆಂಪು ರೇಷ್ಮೆ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಾಗ, ಅವರ ಮುಖ ಮತ್ತು ಬೆರಳುಗಳನ್ನು ನಲವತ್ತು ಸೆಕೆಂಡು ಚಿತ್ರಿಸಿ, ಹಾಡಿಲ್ಲದೆ, ಮಾತಿಲ್ಲದೆ ಹಾಕಿದೆ. ನೋಡಿದವರು ಮೂರು ಸಾವಿರದಷ್ಟು ಮಂದಿ. ಅವರಲ್ಲಿ ಐವರು ಬೆಲೆ ಕೇಳಿದರು, ಮೂವರು ಕೊಂಡರು, ಒಬ್ಬರು ಈಗಲೂ ಅಪ್ಪನ ಆರೋಗ್ಯ ವಿಚಾರಿಸುತ್ತಾರೆ.

ಕಳೆದ ತಿಂಗಳು ಸೀರೆ ಮಾರುವ ಇನ್ನೊಂದು ಪುಟದವರು ಅದೇ ವಿಡಿಯೋದಲ್ಲಿ ಅಪ್ಪನ ಮುಖ ಬರುವ ಭಾಗವನ್ನು ಕತ್ತರಿಸಿ, ಬೆರಳುಗಳನ್ನಷ್ಟೇ ಉಳಿಸಿಕೊಂಡು, ತಮ್ಮ ಸೀರೆಗಳ ಪ್ರಚಾರಕ್ಕೆ ತಮ್ಮ ಹೆಸರಿನಲ್ಲಿ ಹಾಕಿಕೊಂಡರು. ಅದನ್ನು ನೋಡಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ತಿಳಿದವರು ಹೇಳುವುದು, "ಪರ್ಸನಲ್ ಬ್ರ್ಯಾಂಡ್ ಕಟ್ಟು, ದಿನವೂ ನಿನ್ನ ಮುಖ ತೋರಿಸು, ನಿನ್ನ ಕಥೆ ಹೇಳು" ಎಂದು. ಆದರೆ ನೇಯುವವರು ಅಪ್ಪ. ಖಾತೆಗೆ ನನ್ನ ಹೆಸರಿಡಬೇಕೇ, ಅಪ್ಪನದೇ, ಇಲ್ಲವೇ ಊರಿನ ಹೆಸರೇ? ಪಕ್ಕದ ಮನೆಯವರು ತಮ್ಮ ಸೀರೆಗಳನ್ನೂ ನಮ್ಮ ಖಾತೆಯಲ್ಲಿ ಹಾಕಲು ಕೇಳುತ್ತಿದ್ದಾರೆ, ಅದು ಸರಿಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ, ಸಣ್ಣ ವ್ಯಾಪಾರಿಗಳ ಖಾತೆ ನೋಡಿಕೊಳ್ಳುವವನ ಉತ್ತರ:

ತಂಗಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನೀವು ಬರೆದ ಲೆಕ್ಕದಲ್ಲೇ ಇದೆ. ಎರಡು ಲಕ್ಷ ಮಂದಿ ನೋಡಿದ್ದು ಹಾಡನ್ನು. ಮೂರು ಸಾವಿರ ಮಂದಿ ನೋಡಿದ್ದು ಸೀರೆಯನ್ನು. ರೀಲ್ಸ್ ಎಂಬುದು ನಮ್ಮನ್ನು ಅರಿಯದವರ ಮುಂದೆ ನಮ್ಮನ್ನು ತಂದು ನಿಲ್ಲಿಸುವ ಏರ್ಪಾಡು. ಆದ್ದರಿಂದ ಯಾವ ಕಾರಣಕ್ಕೆ ಅವರ ಮುಂದೆ ನಿಲ್ಲುತ್ತೀರೋ ಅದೇ ಕಾರಣಕ್ಕೆ ಅವರು ನಿಮ್ಮನ್ನು ನೆನಪಿಡುತ್ತಾರೆ. ಎಷ್ಟು ಹೊತ್ತು ನೋಡಿದರು, ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳುಹಿಸಿದರು ಎಂಬ ಮೂರು ಸಂಗತಿಗಳು ವಿಡಿಯೋ ಹರಡಲು ಮುಖ್ಯವೆಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೇರಿ 2025ರ ಜನವರಿಯಲ್ಲಿ ಹೇಳಿದ್ದರು. ಕೊಂಡಿ ಹಾಕುವ ವಿಡಿಯೋವನ್ನು ಒಬ್ಬ ಮಗಳು ತನ್ನ ತಾಯಿಗೆ ಕಳುಹಿಸುತ್ತಾಳೆ, ಅತ್ತೆ ಸೊಸೆಗೆ ಕಳುಹಿಸುತ್ತಾರೆ. ನಿಮಗೆ ಬೇಕಾದದ್ದು ಆ ಬಗೆಯ ಹರಡುವಿಕೆ. ಖಾತೆಯ ಅಂಕಿಅಂಶ ತೋರಿಸುವ ನಿಮ್ಮ ಇನ್‌ಸೈಟ್ಸ್ ಪುಟದಲ್ಲಿ ವೀಕ್ಷಣೆಯ ಸಂಖ್ಯೆಯನ್ನು ಬಿಟ್ಟು, ಎಷ್ಟು ಮಂದಿ ಹಂಚಿದರು, ಎಷ್ಟು ಮಂದಿ ಉಳಿಸಿಕೊಂಡರು ಎಂಬುದನ್ನು ನೋಡುತ್ತಾ ಬನ್ನಿ.

ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಊರಿನ ಹೆಸರನ್ನೇ ಖಾತೆಗಿಟ್ಟರೆ ಹುಡುಕಿದವರಿಗೆ ಅದೇ ಹೆಸರಿನ ನೂರು ಖಾತೆಗಳು ಸಿಗುತ್ತವೆ, ನಿಮ್ಮದು ಯಾವುದೆಂದು ತಿಳಿಯುವುದಿಲ್ಲ. ಅಪ್ಪನ ಹೆಸರಿಡಿ, ಊರು ಅದರ ಜೊತೆಗಿರಲಿ, ಮಾತನಾಡುವ ದನಿ ನಿಮ್ಮದಾಗಿರಲಿ. "ಅಪ್ಪ ಇವತ್ತು ಹಾಸು ಬಿಚ್ಚಿದರು, ದಡಿಗೆ ಈ ಬಣ್ಣ ಬರುತ್ತದೆ" ಎಂದು ಮಗಳು ಹೇಳುವುದರಲ್ಲಿ ಇಬ್ಬರೂ ಇರುತ್ತೀರಿ. ಮುಖ ತೋರಿಸಲೇಬೇಕೆಂಬ ನಿಯಮವೇನಿಲ್ಲ. ಕೆಟ್ಟ ಸಂದೇಶ ಕಳುಹಿಸುವವರನ್ನು ಸಹಿಸಿಕೊಳ್ಳಬೇಕಾಗಿಯೂ ಇಲ್ಲ. ಅವರಿಗೆ ಉತ್ತರ ಕೊಡುವುದಕ್ಕಿಂತ ತಕ್ಷಣ ಬ್ಲಾಕ್ ಮಾಡುವುದು ಒಳ್ಳೆಯದು.

ಇನ್ನು ಬಿಸಿನೆಸ್ ಖಾತೆಗೆ ಬದಲಾಯಿಸಿಕೊಂಡರೆ ಜನಪ್ರಿಯ ಸಿನಿಮಾ ಹಾಡುಗಳಲ್ಲಿ ಹಲವು ಸಿಗುವುದಿಲ್ಲವೆಂದು ಕೆಲವರು ಹೆದರುತ್ತಾರೆ. ನಿಮ್ಮ ಕೆಲಸಕ್ಕೆ ಆ ಹಾಡುಗಳೇ ಬೇಡ. ಲಾಳಿ ಓಡುವ ಸದ್ದು, ಹಣಿಗೆ ಬಡಿಯುವ ಸದ್ದು ನಿಮ್ಮ ಮನೆಯದು. ಬೆಳಗ್ಗೆ ಬೀದಿಯ ಗದ್ದಲ ಏಳುವ ಮೊದಲು ಫೋನನ್ನು ಮಗ್ಗದ ಹತ್ತಿರವಿಟ್ಟು ಒಮ್ಮೆ ದಾಖಲಿಸಿ ನೋಡಿ.

ಕೊನೆಗೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅದೊಂದನ್ನೇ ನಂಬಿದ್ದವರು ವರ್ಷಗಟ್ಟಲೆ ಕೂಡಿಸಿದ್ದ ನೋಡುಗರನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡರು. ಸೀರೆ ಕೊಂಡವರ ಹೆಸರು, ಊರು, ವಾಟ್ಸ್ಆ್ಯಪ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಖಾತೆಗೆ ಎರಡು ಹಂತದ ಭದ್ರತೆಯನ್ನು ಇಂದೇ ಹಾಕಿಕೊಳ್ಳಿ.

ಪುಣೆಯಲ್ಲಿರುವ ಕನ್ನಡತಿಯ ಉತ್ತರ:

ನಾನು ಕೊಳ್ಳುವವಳ ಕಡೆಯಿಂದ ಬರೆಯುತ್ತಿದ್ದೇನೆ. ಇಲ್ಲಿ ಮಹಾರಾಷ್ಟ್ರದಲ್ಲೂ ಇಳಕಲ್ ಸೀರೆಗೆ ಖಣದ ಕುಪ್ಪಸ ತೊಡುವ ರೂಢಿ ಇದೆ, ಹಾಗಾಗಿ ನನ್ನ ಗೆಳತಿಯರೂ ನನ್ನನ್ನೇ ಕೇಳಿ ತರಿಸಿಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಒಂದು ಪುಟದಿಂದ "ಶುದ್ಧ ರೇಷ್ಮೆ" ಎಂಬ ಮಾತನ್ನು ನಂಬಿ ಸೀರೆ ತರಿಸಿದ್ದೆ. ಸೆರಗಿನ ಅಂಚಿನಿಂದ ಎರಡು ಎಳೆ ತೆಗೆದು ಸುಟ್ಟು ನೋಡಿದರೆ, ರೇಷ್ಮೆಯಂತೆ ಕೂದಲು ಸುಟ್ಟ ವಾಸನೆ ಬರಲಿಲ್ಲ. ಕಾಗದ ಸುಟ್ಟ ವಾಸನೆ ಬಂತು. ಅದು ನಿಮ್ಮ ಕಡೆ ಚಮಕಾ ಎನ್ನುವ ಕೃತಕ ರೇಷ್ಮೆಯಾಗಿತ್ತು. ಚಮಕಾ ಸೀರೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ, ದಿನಬಳಕೆಗೆ ಅದು ಚೆನ್ನಾಗಿಯೇ ಬಾಳುತ್ತದೆ. ಚಮಕಾ ಎಂದು ಹೇಳಿ, ಚಮಕಾದ ಬೆಲೆಗೆ ಕೊಟ್ಟಿದ್ದರೆ ಸಂತೋಷದಿಂದಲೇ ಕೊಳ್ಳುತ್ತಿದ್ದೆ.

ಆದ್ದರಿಂದ ನೀವು ಪ್ರತಿ ಸೀರೆಯ ಕೆಳಗೆ ಒಡಲಿನ ನೂಲು ಯಾವುದು, ಸೆರಗಿನದು ಯಾವುದು, ಎಷ್ಟು ದಿನ ಹಿಡಿಯಿತು ಎಂದು ಬರೆಯಿರಿ. ಬಣ್ಣವನ್ನು ಬಿಸಿಲಿನಲ್ಲಿ ಹಿಡಿದು ತೋರಿಸಿ. ದೀಪದ ಬೆಳಕಿನಲ್ಲಿ ದಾಳಿಂಬೆ ಕೆಂಪಿಗೂ ಕುಂಕುಮದ ಕೆಂಪಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಒಡಲೂ ಸೆರಗೂ ಕೂಡುವ ಜಾಗದ ಹಿಂಬದಿಯನ್ನು ಹತ್ತಿರದಿಂದ ತೋರಿಸಿ. ಅಲ್ಲಿನ ಕೊಂಡಿಗಳ ಸಾಲನ್ನು ಒಮ್ಮೆ ಕಣ್ಣಾರೆ ಕಂಡವರು, ಮುಂದೆ ಸೀರೆ ಕೈಗೆ ಬಂದರೆ ಮೊದಲು ಅಲ್ಲಿಗೇ ಕಣ್ಣು ಹಾಯಿಸುತ್ತಾರೆ. ತಡವಾದರೆ ತಡವಾಗುತ್ತದೆಂದು ಹೇಳಿಬಿಡಿ. ತೋಪು ತೆನೆ ಎಂಬ ಸಾಂಪ್ರದಾಯಿಕ ವಿನ್ಯಾಸದ ಸೆರಗಿನ ಸೀರೆಗೆ ಒಂದೊಂದಕ್ಕೂ ಬೇರೆಯಾಗಿ ಹಾಸು ಕೂಡಿಸಬೇಕೆಂಬುದು ನನಗೆ ತಿಳಿದದ್ದೇ ಒಬ್ಬ ನೇಕಾರರು ಫೋನಿನಲ್ಲಿ ಹತ್ತು ನಿಮಿಷ ಬಿಡಿಸಿ ಹೇಳಿದ ಮೇಲೆ; ಅಂದಿನಿಂದ ನಾನು ಅವರನ್ನು ಅವಸರಪಡಿಸಿಲ್ಲ.

ಬೆಂಗಳೂರಿನ ವಕೀಲರ ಉತ್ತರ:

ವಿಡಿಯೋ ಕದ್ದ ವಿಷಯಕ್ಕೆ ಮೊದಲು ಬರುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವೇ ಚಿತ್ರಿಸಿದ ವಿಡಿಯೋದ ಹಕ್ಕು ಅದು ಹುಟ್ಟಿದ ಕ್ಷಣದಿಂದಲೇ ನಿಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಿಲ್ಲ. ನಿಮ್ಮ ಮೂಲ ವಿಡಿಯೋದ ಲಿಂಕನ್ನೂ ಅವರದರ ಲಿಂಕನ್ನೂ ಕೊಟ್ಟು ಇನ್‌ಸ್ಟಾಗ್ರಾಂನ ಕೃತಿಸ್ವಾಮ್ಯ ದೂರಿನ ನಮೂನೆಯನ್ನು ತುಂಬಿ, ಅದಕ್ಕೆ ಶುಲ್ಕವಿಲ್ಲ. ದೂರು ಕೊಡುವ ಮೊದಲು ಅವರ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಫೋನಿನಲ್ಲಿರುವ ಮೂಲ ಕಡತವನ್ನು ಅಳಿಸಬೇಡಿ. ಅವರನ್ನು ಹೆಸರಿಸಿ ಬಹಿರಂಗವಾಗಿ ಜಗಳಕ್ಕೆ ಇಳಿಯಬೇಡಿ. ಅದರಿಂದ ಅವರ ಪುಟವೇ ಹೆಚ್ಚು ಜನರಿಗೆ ತಲುಪುತ್ತದೆ.

ಹೆಸರಿನ ಪ್ರಶ್ನೆಗೆ ಕಾನೂನಿನಲ್ಲಿ ಎರಡು ಬಾಗಿಲುಗಳಿವೆ, ಮತ್ತು ನಿಮಗೆ ಎರಡೂ ತೆರೆದಿವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ, ಅಂದರೆ ಜನ ಜಿಐ ಟ್ಯಾಗ್ ಎನ್ನುವ ಮಾನ್ಯತೆ ಇದೆ. ಅದು ಒಬ್ಬರ ಸ್ವತ್ತಲ್ಲ, ಅಲ್ಲಿ ಪದ್ಧತಿಯಂತೆ ನೇಯುವವರೆಲ್ಲರದು. ಆದರೆ 1999ರ ಜಿಐ ಕಾಯ್ದೆಯಡಿ ಒಬ್ಬ ನೇಕಾರರು ತಮ್ಮ ಸ್ವಂತ ಹೆಸರಿನಲ್ಲಿ ಅಧಿಕೃತ ಬಳಕೆದಾರರಾಗಿ ಚೆನ್ನೈನಲ್ಲಿರುವ ಜಿಐ ನೋಂದಣಿ ಕಚೇರಿಯಲ್ಲಿ ದಾಖಲಾಗಬಹುದು. ನಿಮ್ಮ ಅಪ್ಪ ಇನ್ನೂ ಆಗಿಲ್ಲದಿದ್ದರೆ ಮೊದಲು ಆ ಕೆಲಸ ಮಾಡಿಸಿ, ಏಕೆಂದರೆ "ನಾನು ಇಳಕಲ್ ಸೀರೆ ನೇಯುತ್ತೇನೆ" ಎಂಬ ಮಾತಿಗೆ ಸರ್ಕಾರದ ದಾಖಲೆಯ ಬೆಂಬಲ ಸಿಗುತ್ತದೆ. ಇನ್ನೊಂದು, ಟ್ರೇಡ್‌ಮಾರ್ಕ್. ಊರಿನ ಹೆಸರೊಂದನ್ನೇ ಯಾರೂ ತಮ್ಮ ಗುರುತಾಗಿ ಕಾಯ್ದಿರಿಸಿಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ, ಆದರೆ ಅಪ್ಪನ ಹೆಸರು ಅಥವಾ ನೀವೇ ರೂಪಿಸಿದ ಚಿಹ್ನೆಯನ್ನು ನೋಂದಾಯಿಸಬಹುದು. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿಯ ಅವಧಿ 10 ವರ್ಷ, ಆಮೇಲೆ ನವೀಕರಿಸಿಕೊಳ್ಳಬಹುದು.

ಪಕ್ಕದ ಮನೆಯವರ ಸೀರೆ ಹಾಕಬಹುದು, ಅವರ ಹೆಸರಿನಲ್ಲಿ. ಅದನ್ನು ಅಪ್ಪನ ಕೈಕೆಲಸವೆಂಬಂತೆ ತೋರಿಸಿದರೆ, ನಿಮ್ಮ ವಿಡಿಯೋ ಕತ್ತರಿಸಿದವರು ಮಾಡಿದ್ದನ್ನೇ ನೀವೂ ಮಾಡಿದಂತಾಗುತ್ತದೆ. ವಿದ್ಯುತ್ ಮಗ್ಗದ ಸೀರೆಯನ್ನಂತೂ ಯಾರು ಎಷ್ಟು ಕಮಿಷನ್ ಕೊಡುತ್ತೇವೆಂದರೂ ಕೈಮಗ್ಗದ್ದೆಂದು ಹಾಕಬೇಡಿ. ಮುಂದೆ ನಿಮ್ಮ ಖಾತೆ ಬೆಳೆದು, ಯಾವುದಾದರೂ ಕಂಪನಿ ಹಣವನ್ನೋ ವಸ್ತುವನ್ನೋ ಕೊಟ್ಟು ತನ್ನ ಬಗ್ಗೆ ಹೇಳಿಸಿದರೆ, ಅದು ಜಾಹೀರಾತೆಂದು ಕಾಣುವಂತೆ ತಿಳಿಸಬೇಕಾಗುತ್ತದೆ. ಈ ಕುರಿತು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಗುಳೇದಗುಡ್ಡದ ಅಕ್ಕನ ಉತ್ತರ:

ನಾನು ಖಣ ನೇಯುವ ಮನೆಯಲ್ಲಿ ಹುಟ್ಟಿದವಳು. ತಂಗಿ, ನೀನು ಅಪ್ಪನ ಬಗ್ಗೆ ಬರೆದದ್ದನ್ನು ಓದಿ ಮನಸ್ಸು ತುಂಬಿಬಂತು. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ನಿಮ್ಮ ಮನೆಯಲ್ಲಿ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುವವರು ಯಾರು? ಹಾಸಿನ ಎಳೆ ಹರಿದಾಗ ಗಂಟು ಹಾಕಲು ಅಪ್ಪ ಕೂಗಿ ಕರೆಯುವುದು ಯಾರನ್ನು? 2019-20ರ ಕೈಮಗ್ಗ ಗಣತಿಯಲ್ಲಿ ದೇಶದ 35 ಲಕ್ಷಕ್ಕೂ ಹೆಚ್ಚು ನೇಕಾರರು ಮತ್ತು ಪೂರಕ ಕೆಲಸದವರಲ್ಲಿ ಶೇಕಡಾ 72ರಷ್ಟು ಹೆಣ್ಣುಮಕ್ಕಳೇ ಎಂದು ಬಂದಿದೆ. ಆದರೂ ಮಗ್ಗದ ಚಿತ್ರ ತೆಗೆಯುವವರು ಕುಣಿಯಲ್ಲಿ ಕಾಲಿಳಿಸಿ ಕುಳಿತವರತ್ತ ಮಾತ್ರ ಕ್ಯಾಮೆರಾ ತಿರುಗಿಸುತ್ತಾರೆ. ನನ್ನ ಅವ್ವ ಐವತ್ತು ವರ್ಷ ರಾಟೆ ತಿರುಗಿಸಿದಳು. ಅವಳ ಒಂದು ಫೋಟೋ ಕೂಡ ರಾಟೆಯ ಮುಂದೆ ತೆಗೆದದ್ದಿಲ್ಲ. ಹೆಸರಿನ ಬಗ್ಗೆ ಇಷ್ಟೊಂದು ಯೋಚಿಸುತ್ತಿದ್ದೀಯ, ಅದಕ್ಕೇ ಕೇಳಿದೆ.

ಪ್ರಶ್ನೆ ಕೇಳಿದವಳ ಮರುಮಾತು:

ನಿಮ್ಮೆಲ್ಲರ ಉತ್ತರಗಳನ್ನು ನಿನ್ನೆ ರಾತ್ರಿ ಅಪ್ಪನಿಗೂ ಅವ್ವನಿಗೂ ಓದಿ ಹೇಳಿದೆ. ಕೃತಿಸ್ವಾಮ್ಯದ ದೂರನ್ನು ಇವತ್ತು ಬೆಳಗ್ಗೆ ಸಲ್ಲಿಸಿದ್ದೇನೆ. ನೋಟುಪುಸ್ತಕವನ್ನೂ ತಂದಿದ್ದೇನೆ. ಅಧಿಕೃತ ಬಳಕೆದಾರರ ನೋಂದಣಿ ಅಪ್ಪನ ಹೆಸರಿನಲ್ಲಿ ಆಗಿಲ್ಲ, ಆ ಕಾಗದಪತ್ರಗಳನ್ನು ಈ ವಾರ ವಿಚಾರಿಸುತ್ತೇನೆ. ಪಕ್ಕದ ಮನೆಯ ಕಾಕಾ ತಮ್ಮ ಹೆಸರನ್ನೇ ಹಾಕಿ ಮಾರುವುದಾದರೆ ಇನ್ನೂ ಒಳ್ಳೆಯದೆಂದರು.

ಅಕ್ಕಾ, ನಿಮ್ಮ ಪ್ರಶ್ನೆಗೆ ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ. ಎರಡು ವರ್ಷದ ನನ್ನ ಎಲ್ಲ ಚಿತ್ರಗಳನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಅವ್ವ ಇರುವುದು ಒಂದೇ ಒಂದರಲ್ಲಿ, ಅದೂ ಅಪ್ಪನ ಹಿಂದೆ, ಗೋಡೆಯ ಪಕ್ಕ, ಅರ್ಧ ತೋಳು ಮಾತ್ರ. ಸೀರೆಯೊಡನೆ ಕಳುಹಿಸಲು ಒಂದು ಸಣ್ಣ ಚೀಟಿ ಮಾಡೋಣವೆಂದು, ಅದರಲ್ಲಿ ನೇಯ್ದವರ ಹೆಸರು ಬರೆಯಲು ಅಪ್ಪನ ಕೈಗೆ ಪೆನ್ನು ಕೊಟ್ಟೆ. ಅವರು ತಮ್ಮ ಹೆಸರು ಬರೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರ ಮೇಲುಗಡೆ ಉಳಿದಿದ್ದ ಜಾಗದಲ್ಲಿ ಅವ್ವನ ಹೆಸರು ಬರೆದರು. ಅವ್ವನಿಗೆ ಓದಲು ಬರುತ್ತದೆ. ಚೀಟಿಯನ್ನು ಎರಡು ಸಲ ಓದಿ, ತನ್ನ ಹೆಸರಿನಲ್ಲಿ ಒತ್ತು ತಪ್ಪಾಗಿದೆ, ತಿದ್ದಿ ಬರೆಯಿರಿ ಎಂದಳು. ತಿದ್ದಿಸಿದ್ದನ್ನು ಇವತ್ತು ಅಚ್ಚಿಗೆ ಕೊಟ್ಟಿದ್ದೇನೆ.